ಬರೆದದ್ದನ್ನು ಫೋನಿನ ಕೈಲಿ ಓದಿಸಿ ತಪ್ಪು ಹಿಡಿಯುವುದು ಹೇಗೆ?

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತಳಾದವಳು. ಬೆಂಗಳೂರಿನ ಬಸವೇಶ್ವರನಗರದಲ್ಲಿದ್ದೇನೆ. ನಮ್ಮ ಬಡಾವಣೆಯ ಕನ್ನಡ ಸಂಘ ರಾಜ್ಯೋತ್ಸವಕ್ಕೆ ಸ್ಮರಣ ಸಂಚಿಕೆ ತರುತ್ತಿದೆ. ಅದರ ಪ್ರೂಫ್ ನೋಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಬೇರೆಯವರ ಲೇಖನದ ತಪ್ಪು ತಕ್ಷಣ ಕಾಣುತ್ತೆ. ನಾನೇ ಬರೆದದ್ದನ್ನು ನಾಲ್ಕು ಸಲ ಓದಿದರೂ ಏನೂ ಸಿಗಲ್ಲ. ಅಚ್ಚಾಗಿ ಬಂದ ಮೇಲೆ ಒಂದೊಂದೇ ಕಣ್ಣಿಗೆ ಬೀಳುತ್ತೆ. ಫೋನಿನಲ್ಲಿ ಓದಿಸಿ ಕೇಳಿದರೆ ಗೊತ್ತಾಗುತ್ತೆ ಅಂತ ಮಗಳು ಹೇಳಿದಳು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಲೇಖನವನ್ನು ಫೋನಿಗೆ ಕಳಿಸಿಕೊಂಡು ನೋಡಿದೆ, ಅದು ಓದಲೇ ಇಲ್ಲ. ಕನ್ನಡಕ್ಕೆ ಇದು ನಿಜವಾಗಿ ಆಗುತ್ತಾ? ದುಡ್ಡು ಕೊಡಬೇಕಾ? ಲೇಖನದ ಮೊದಲ ಪ್ಯಾರಾ ಜೊತೆಗಿಟ್ಟಿದ್ದೇನೆ.

ಉತ್ತರ: ಮೇಡಂ, ನಿಮ್ಮ ಮಗಳು ಹೇಳಿದ್ದು ಸರಿ. ಕನ್ನಡಕ್ಕೆ ಇದು ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ದುಡ್ಡೂ ಬೇಕಾಗಿಲ್ಲ. ಆದರೆ ಮೊದಲು ಒಂದೆರಡು ಸಿದ್ಧತೆ ಮಾಡಿಕೊಳ್ಳಬೇಕು. ಆಮೇಲೆ ಕೇಳುವುದನ್ನೂ ಸ್ವಲ್ಪ ಕಲಿಯಬೇಕು. ಎಲ್ಲವನ್ನೂ ನೀವು ಕಳಿಸಿದ ಪ್ಯಾರಾ ಇಟ್ಟುಕೊಂಡೇ ಹೇಳುತ್ತೇನೆ.

ನಿಮ್ಮ ಪ್ಯಾರಾ ಹೀಗಿದೆ: "ನನ್ನ ಬಾಲ್ಯ ಕಳೆದದ್ದು ಬೆ೦ಗಳೂರಿನ ಬಸವನಗುಡಿಯಲ್ಲಿ. ದೊಡ್ಡ ಬಸವಣ್ಣನ ಗುಡಿಯ ಬಲಿ ನಮ್ಮ ಮನೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ಬಂತೆಂದರೆ ಮನೆ ತುಂಬ ನೆಂಟರು. ಅಷ್ಟೂ ಜನರ ನಡುವೆ ಇಡೀ ಮನೆಯನ್ನು ಅಜ್ಜಿಯೇ ಅಳುತ್ತಿದ್ದರು. ಸೇರುಗಟ್ಟಲೆ ಕಡಲೆಕಾಯಿ ಕೊಂಡು ಕೇರಿಯ ಮಕ್ಕಳಿಗೆಲ್ಲ ಯಾಕೆ ಹಂಚುತ್ತಾರೆ ಎಂದು ನನಗೆ ಆಗ ಅರ್ಧವಾಗುತ್ತಿರಲಿಲ್ಲ."

ಬಹಳ ಚೆನ್ನಾಗಿ ಬರೆದಿದ್ದೀರಿ. ನಾನೂ ಮೊದಲ ಸಲ ಸರಸರ ಓದಿಕೊಂಡು ಹೋದೆ. ಅಜ್ಜಿ, ನೆಂಟರು, ಕಡಲೆಕಾಯಿ ಎಲ್ಲ ಕಣ್ಣ ಮುಂದೆ ಬಂತು. ಎರಡು ತಪ್ಪು ಸಿಕ್ಕಿದವು. ಆಮೇಲೆ ಇದನ್ನೇ ಫೋನಿಗೆ ಕೊಟ್ಟು, ಕಣ್ಣು ಮುಚ್ಚಿ ಕೂತು ಕೇಳಿದೆ. ನಾಲ್ಕು ಸಿಕ್ಕಿದವು.

ಅಜ್ಜಿ ಮನೆಯನ್ನು 'ಆಳುತ್ತಿದ್ದರು' ಎಂದು ನೀವು ಬರೆಯಲು ಹೊರಟದ್ದು. ಬಿದ್ದಿರುವುದು 'ಅಳುತ್ತಿದ್ದರು'. ಗುಡಿಯ 'ಬಳಿ' ಆಗಬೇಕಿದ್ದದ್ದು 'ಬಲಿ' ಆಗಿದೆ. 'ಅರ್ಥ' ಹೋಗಿ 'ಅರ್ಧ' ಬಂದಿದೆ. ಈ ಮೂರೂ ಕನ್ನಡದ ಸರಿಯಾದ ಪದಗಳೇ. ಆದ್ದರಿಂದ ಕಾಗುಣಿತ ನೋಡುವ ತಂತ್ರಾಂಶ ಇವನ್ನು ಮುಟ್ಟುವುದಿಲ್ಲ. ಫೋನಿನ ದನಿ ಮಾತ್ರ ಮುಲಾಜಿಲ್ಲದೆ 'ಅಜ್ಜಿಯೇ ಅಳುತ್ತಿದ್ದರು' ಎಂದು ಓದಿತು. ಕೇಳಿದ ತಕ್ಷಣ ಚುರುಕ್ ಎನ್ನುತ್ತೆ, ಅಲ್ವಾ?

ನಾಲ್ಕನೆಯದು ನಿಮ್ಮ ಪ್ಯಾರಾದ ಮೊದಲ ಸಾಲಿನಲ್ಲೇ ಇದೆ. ಅದನ್ನು ಯಾರ ಕಣ್ಣೂ ಹಿಡಿಯಲಾರದು. 'ಬೆಂಗಳೂರು' ಎನ್ನುವಲ್ಲಿ ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಕೂತಿದೆ. ನೋಡಲು ಎರಡೂ ಒಂದೇ ದುಂಡು. ಕಂಪ್ಯೂಟರಿಗೆ ಮಾತ್ರ ಒಂದು ಅಕ್ಷರದ ಗುರುತು, ಇನ್ನೊಂದು ಅಂಕಿ. ನನ್ನ ಫೋನು 'ಬೆ, ಸೊನ್ನೆ, ಗಳೂರಿನ' ಎಂದು ಮೂರು ತುಂಡು ಮಾಡಿ ಓದಿತು. ಡಿಟಿಪಿ ಮಾಡಿಸಿದ ಫೈಲುಗಳಲ್ಲಿ ಈ ಸೊನ್ನೆ ನನಗೆ ಜಾಸ್ತಿ ಸಿಗುತ್ತದೆ. ಅಚ್ಚಿನಲ್ಲಿ ಇದರಿಂದ ತೊಂದರೆ ಕಾಣದಿರಬಹುದು. ಆದರೆ ನಾಳೆ ನಿಮ್ಮ ಸಂಚಿಕೆಯನ್ನು ಅಂತರ್ಜಾಲಕ್ಕೆ ಹಾಕಿ ಯಾರಾದರೂ 'ಬೆಂಗಳೂರು' ಎಂದು ಹುಡುಕಿದರೆ ಈ ಪದ ಸಿಗುವುದೇ ಇಲ್ಲ. 'ದುಃಖ' ಎಂಬಲ್ಲಿ ವಿಸರ್ಗದ ಬದಲು ಕೋಲನ್ ಒತ್ತುವುದೂ ಇದೇ ಜಾತಿಯ ತಪ್ಪು. ದನಿ ಅಲ್ಲಿ ಪದದ ನಡುವೆಯೇ ನಿಂತುಬಿಡುತ್ತದೆ.

ನಾಲ್ಕು ಸಲ ಓದಿದರೂ ನಿಮಗೆ ಯಾಕೆ ಸಿಗಲಿಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡಿ. ಓದು ಬಲ್ಲವರು ಅಕ್ಷರ ಅಕ್ಷರ ಕೂಡಿಸಿ ಓದುವುದಿಲ್ಲ. ಕಣ್ಣು ಸಾಲಿನ ಮೇಲೆ ಜಿಗಿಯುತ್ತಾ ಹೋಗುತ್ತದೆ, ನಡುವಿನದನ್ನು ಮನಸ್ಸು ತುಂಬಿಕೊಳ್ಳುತ್ತದೆ. ಬೇರೆಯವರ ಬರಹದಲ್ಲಿ ಮುಂದೇನು ಬರುತ್ತೆ ಎಂದು ಗೊತ್ತಿಲ್ಲದ್ದರಿಂದ ಮನಸ್ಸು ಸ್ವಲ್ಪ ನಿಧಾನ ಮಾಡುತ್ತದೆ. ನಿಮ್ಮದರಲ್ಲಿ ನಿಮಗೆ ಎಲ್ಲವೂ ಮೊದಲೇ ಗೊತ್ತು. ಅಜ್ಜಿ ಮನೆ ಆಳಿದ್ದು ನಿಮ್ಮ ತಲೆಯಲ್ಲಿದೆ, ಹಾಗಾಗಿ ಕಾಗದದ ಮೇಲೂ ಅದೇ ಕಾಣುತ್ತದೆ. ನೀವೇ ಗಟ್ಟಿಯಾಗಿ ಓದಿಕೊಂಡರೂ ಇದು ಪೂರ್ತಿ ಹೋಗುವುದಿಲ್ಲ. ನಾಲಿಗೆಯೂ ನಿಮ್ಮದೇ ಆದ್ದರಿಂದ 'ಅಳು' ಎಂದಿರುವುದನ್ನು ಅದು 'ಆಳು' ಎಂದೇ ಓದಿ ಮುಂದೆ ಹೋಗುತ್ತದೆ. ಫೋನಿಗೆ ನಿಮ್ಮ ಅಜ್ಜಿ ಗೊತ್ತಿಲ್ಲ. ಕಾಗದದಲ್ಲಿ ಏನಿದೆಯೋ ಅಷ್ಟನ್ನೇ ಓದುತ್ತದೆ. ಈ ಕೆಲಸಕ್ಕೆ ಅದನ್ನು ಕೂರಿಸುವುದು ಇದೊಂದೇ ಕಾರಣಕ್ಕೆ.

ಇದು ಹೊಸ ಉಪಾಯವೂ ಅಲ್ಲ. ನಾನು ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಪ್ರೂಫ್ ನೋಡಲು ಸೇರಿದಾಗ ಇನ್ನೂ ಸೀಸದ ಅಚ್ಚು ಮೊಳೆ ಜೋಡಿಸುವ ಕಾಲ. ಪ್ರೂಫ್ ನೋಡಲು ಇಬ್ಬರು ಕೂರುತ್ತಿದ್ದೆವು. ಒಬ್ಬರು ಕಾಪಿ ಹೋಲ್ಡರ್. ಮೂಲ ಹಸ್ತಪ್ರತಿ ಅವರ ಕೈಯಲ್ಲಿ. ಅವರು ಬಾಯಿಬಿಟ್ಟು ಓದಬೇಕು, ಕಾಮಾ, ಫುಲ್‌ಸ್ಟಾಪು, ಹೊಸ ಪ್ಯಾರಾ ಎಲ್ಲವನ್ನೂ ಹೇಳಬೇಕು. ನಾನು ಗ್ಯಾಲಿ ಪ್ರೂಫ್, ಅಂದರೆ ಪುಟ ಕಟ್ಟುವ ಮೊದಲು ತೆಗೆದ ಪ್ರತಿಯ ಮೇಲೆ ಪೆನ್ಸಿಲ್ ಇಟ್ಟುಕೊಂಡು ಸಾಲಿನ ಜೊತೆ ಸಾಗಬೇಕು. ಕಿವಿಗೆ ಬಿದ್ದದ್ದು ಕಣ್ಣಿಗೆ ಕಂಡದ್ದಕ್ಕೆ ಹೊಂದದಿದ್ದರೆ ಅಲ್ಲೇ ನಿಲ್ಲಬೇಕು. ಆಮೇಲೆ ಕಂಪ್ಯೂಟರ್ ಬಂತು. ಇಬ್ಬರ ಸಂಬಳ ಯಾಕೆ ಅಂತ ಕಾಪಿ ಹೋಲ್ಡರ್ ಕೆಲಸವನ್ನೇ ತೆಗೆದರು. ಒಬ್ಬರೇ ಕೂತು ಕಣ್ಣಲ್ಲೇ ನೋಡುವ ಪದ್ಧತಿ ಬಂತು.

ಆ ಬದಲಾವಣೆ ಆದ ಮೇಲೆ ನಡೆದದ್ದೊಂದನ್ನು ಹೇಳಬೇಕು. 'ಅರ್ಧ' ಎಂದು ನಿಮ್ಮ ಪ್ಯಾರಾದಲ್ಲಿ ಕೇಳಿದಾಗ ಅದೇ ನೆನಪಾಯಿತು. ಚಿಕ್ಕ ವಯಸ್ಸಿಗೇ ತೀರಿಕೊಂಡ ಒಬ್ಬ ಮೇಷ್ಟ್ರ ನೆನಪಿಗೆ ಅವರ ಶಿಷ್ಯರು ಸಣ್ಣ ಪುಸ್ತಕ ಮಾಡಿಸಿದ್ದರು. ಮೊದಲ ಪುಟದಲ್ಲೇ 'ಅವರದು ಅರ್ಥಪೂರ್ಣ ಬದುಕು' ಎಂಬ ಸಾಲು. ಅದು 'ಅರ್ಧಪೂರ್ಣ ಬದುಕು' ಎಂದು ಅಚ್ಚಾಯಿತು. ನಾನು ನೋಡಿದ್ದೆ, ಬರೆದವರು ನೋಡಿದ್ದರು, ಮುದ್ರಣಾಲಯದವರೂ ನೋಡಿದ್ದರು. ಥ ಮತ್ತು ಧ ಅಕ್ಷರಗಳ ರೂಪ ಅಷ್ಟು ಹತ್ತಿರ. ಪುಸ್ತಕ ಹಂಚಿದ ಮಾರನೇ ದಿನ ಆ ಮೇಷ್ಟ್ರ ಹೆಂಡತಿ ಬಂದರು. ಜಗಳ ಮಾಡಲಿಲ್ಲ. ಪುಟ ತೆರೆದು ಆ ಪದದ ಕೆಳಗೆ ಬೆರಳಿಟ್ಟು ನಿಂತರು. ಕಾಪಿ ಹೋಲ್ಡರ್ ಇದ್ದಿದ್ದರೆ ಅವರ ಬಾಯಿಂದ 'ಅರ್ಥ' ಬರುತ್ತಿತ್ತು, ನನ್ನ ಪೆನ್ಸಿಲ್ ನಿಲ್ಲುತ್ತಿತ್ತು. ಅಂದಿನಿಂದ ಒಂದು ಸಲವಾದರೂ ಕಿವಿಗೆ ಬೀಳದ ಬರಹವನ್ನು ನಾನು ಅಚ್ಚಿಗೆ ಬಿಟ್ಟಿಲ್ಲ. ಕನ್ನಡದ ದನಿಗಳು ಬಂದ ಮೇಲೆ ನನಗೆ ಕಾಪಿ ಹೋಲ್ಡರ್ ವಾಪಸ್ ಸಿಕ್ಕ ಹಾಗಾಗಿದೆ.

ಈಗ ನಿಮ್ಮ ಫೋನು ಯಾಕೆ ಓದಲಿಲ್ಲ ಎಂಬ ವಿಷಯ. ನೀವು ಕಳಿಸಿದ ಫೈಲು ಹಳೆಯ ಆಸ್ಕಿ ವಿಧಾನದಲ್ಲಿತ್ತು. ಅದರಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ. ನುಡಿ ಫಾಂಟು ಅವುಗಳ ಮೇಲೆ ಕನ್ನಡದ ರೂಪ ತೊಡಿಸುತ್ತದೆ. ಫಾಂಟು ಇಲ್ಲದ ಕಡೆ ಬಣ್ಣ ಕಳಚುತ್ತದೆ, ಅರ್ಥವಾಗದ ಅಕ್ಷರಗಳ ಸಾಲು ಕಾಣುತ್ತದೆ. ದನಿಗೆ ಫಾಂಟು ಗೊತ್ತಿಲ್ಲ, ಒಳಗಿರುವ ಚಿಹ್ನೆಗಳನ್ನು ಓದಲು ಹೋಗಿ ಸುಮ್ಮನಾಗುತ್ತದೆ, ಇಲ್ಲವೇ ಏನೇನೋ ಒದರುತ್ತದೆ. ಯೂನಿಕೋಡ್ ಎಂಬ ಈಗಿನ ವಿಧಾನದಲ್ಲಿ ಹಾಗಿಲ್ಲ. ಅಲ್ಲಿ 'ಕ' ಎಂಬುದು ನಿಜವಾಗಿಯೂ 'ಕ'. ನಿಮ್ಮ ಪ್ಯಾರಾವನ್ನು ಯೂನಿಕೋಡಿಗೆ ಬದಲಿಸಿಕೊಂಡೇ ನಾನು ಫೋನಿಗೆ ಕೊಟ್ಟದ್ದು.

ನಿಮ್ಮ ಫೈಲು ಯಾವುದು ಎಂದು ತಿಳಿಯಲು ಸುಲಭದ ದಾರಿ ಇದೆ. ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ. ಕನ್ನಡವಾಗಿಯೇ ಕಂಡರೆ ಯೂನಿಕೋಡ್. ಕಲಸುಮೇಲೋಗರವಾದರೆ ಆಸ್ಕಿ. ಇನ್ನು ಮುಂದೆ ಬರೆಯುವುದಕ್ಕೆ ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ. ಕೀಲಿಮಣೆಯ ಅಭ್ಯಾಸ ಬದಲಿಸಬೇಕಾಗಿಲ್ಲ. ಹಳೆಯದನ್ನು ಬದಲಿಸಲು ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ಬದಲಿಸಿದ ಮೇಲೆ ಒಂದು ಎಚ್ಚರ ಬೇಕು. ಕೆಲವು ಸಲ 'ಮ' ಇದ್ದ ಕಡೆ 'ವು' ಬಂದು ಕೂತಿರುತ್ತದೆ. 'ಮನೆ'ಯ ಬದಲು 'ವುನೆ'. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಸಣ್ಣ ಅಕ್ಷರದಲ್ಲಿ ವ್ಯತ್ಯಾಸವೇ ತಿಳಿಯದು. ಕಿವಿಗೆ ಬಿದ್ದರೆ ಮಾತ್ರ ತಕ್ಷಣ ತಿಳಿಯುತ್ತದೆ. ಇನ್ನೊಂದು ಮಾತು, ಪಿಡಿಎಫ್ ಫೈಲಿನಿಂದ ಓದಿಸಲು ಹೋಗಬೇಡಿ. ಕನ್ನಡದ ಎಷ್ಟೋ ಪಿಡಿಎಫ್‌ಗಳಲ್ಲಿ ಒತ್ತಕ್ಷರ, ಗುಣಿತದ ಗುರುತುಗಳು ಒಳಗೊಳಗೇ ಅದಲುಬದಲಾಗಿರುತ್ತವೆ. ಇಲ್ಲದ ತಪ್ಪನ್ನೆಲ್ಲ ದನಿ ಓದುತ್ತದೆ, ನೀವು ಸುಮ್ನೆ ಗಾಬರಿಯಾಗುತ್ತೀರಿ.

ನಿಮ್ಮದು ಆಂಡ್ರಾಯ್ಡ್ ಫೋನಾದರೆ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಎಂಬುದಿದೆ. ಅದರೊಳಗೆ 'ಸೆಲೆಕ್ಟ್ ಟು ಸ್ಪೀಕ್' ಆನ್ ಮಾಡಿ. ಅಲ್ಲೇ ಹತ್ತಿರದಲ್ಲಿ ಟೆಕ್ಸ್ಟ್ ಟು ಸ್ಪೀಚ್ ಎಂಬ ಸೆಟ್ಟಿಂಗ್ ಸಿಗುತ್ತದೆ. ಅದರಲ್ಲಿ ಗೂಗಲ್ ದನಿಯನ್ನು ಆರಿಸಿ, ಕನ್ನಡದ ದನಿಯನ್ನು ಒಂದು ಸಲ ಇಳಿಸಿಕೊಂಡರೆ ಆಯಿತು. ಆಮೇಲೆ ಸೆಲೆಕ್ಟ್ ಟು ಸ್ಪೀಕ್‌ನ ಗುರುತು ಒತ್ತಿ, ಪರದೆಯ ಮೇಲಿನ ಯಾವ ಪ್ಯಾರಾ ಮುಟ್ಟಿದರೂ ಓದುತ್ತದೆ. ವೇಗ ಬದಲಿಸುವುದೂ ಅಲ್ಲೇ. ಈಗಿನ ಐಫೋನುಗಳಲ್ಲೂ ಕನ್ನಡ ದನಿ ಇದೆ. 'ಸ್ಪೀಕ್ ಸ್ಕ್ರೀನ್' ಆನ್ ಮಾಡಿ, ಎರಡು ಬೆರಳಿನಿಂದ ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಳೆದರೆ ಓದಲು ಶುರು ಮಾಡುತ್ತದೆ. ಇವತ್ತೇ ಒಂದು ಸಲ ಕೇಳಿ ನೋಡೋಣ ಎಂದಿದ್ದರೆ ಗೂಗಲ್ ಟ್ರಾನ್ಸ್‌ಲೇಟ್ ತೆರೆದು, ಕನ್ನಡದ ಪ್ಯಾರಾ ಹಾಕಿ, ಸ್ಪೀಕರ್ ಗುರುತು ಒತ್ತಿ. ಸಣ್ಣ ತುಣುಕಿಗೆ ಅದು ಸಾಕು.

ಕಂಪ್ಯೂಟರಿನಲ್ಲಿ ನನಗೆ ಅನುಕೂಲವಾಗಿರುವುದು ಮೈಕ್ರೋಸಾಫ್ಟ್ ಎಡ್ಜ್. ಅದರ 'ರೀಡ್ ಅಲೌಡ್'ನಲ್ಲಿ ಕನ್ನಡಕ್ಕೆ ಎರಡು ದನಿ ಇವೆ, ಸಪ್ನಾ ಮತ್ತು ಗಗನ್. ಲೇಖನವನ್ನು ನಿಮಗೆ ನೀವೇ ಮೇಲ್ ಮಾಡಿಕೊಂಡು, ಎಡ್ಜ್‌ನಲ್ಲಿ ಮೇಲ್ ತೆರೆದು, ಬೇಕಾದಷ್ಟನ್ನು ಗುರುತು ಮಾಡಿ ಓದಿಸಬಹುದು. ಓದುತ್ತಿರುವ ಪದ ಪರದೆಯ ಮೇಲೆ ಬಣ್ಣದಲ್ಲಿ ಕಾಣುತ್ತಾ ಹೋಗುತ್ತದೆ. ಅದು ನಿಮಗೆ ಬಹಳ ಸಹಾಯ ಮಾಡುತ್ತದೆ. ಆದರೆ ಈ ದನಿಗಳಿಗೆ ಇಂಟರ್ನೆಟ್ ಬೇಕು. ಅಂದರೆ ನಿಮ್ಮ ಬರಹ ಅವರ ಸರ್ವರಿಗೆ ಹೋಗಿ ದನಿಯಾಗಿ ಬರುತ್ತದೆ. ಸ್ಮರಣ ಸಂಚಿಕೆಗೆ ಅದರಿಂದ ಏನೂ ಆಗುವುದಿಲ್ಲ. ವಿಲ್ ಪತ್ರ, ಕೋರ್ಟಿನ ಕಾಗದ, ಮನೆಯ ಒಳಗಿನ ವಿಷಯ ಇದ್ದರೆ ಇಂಟರ್ನೆಟ್ ಇಲ್ಲದೆ ಫೋನಿನೊಳಗೇ ಓದುವ ದನಿಯನ್ನು ಬಳಸಿ.

ಇನ್ನೊಂದು ದನಿಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಇ-ಸ್ಪೀಕ್ ಎನ್‌ಜಿ ಎಂಬ ಉಚಿತ ತಂತ್ರಾಂಶ ಕನ್ನಡ ಓದುತ್ತದೆ. ಅದರ ದನಿ ಒರಟು. ಡಬ್ಬದೊಳಗಿಂದ ಮಾತಾಡಿದ ಹಾಗಿರುತ್ತದೆ. ಮೊದಲ ಸಲ ಕೇಳಿದವರು ಯಾರೂ ಇಷ್ಟಪಡುವುದಿಲ್ಲ. ಆದರೆ ಅಕ್ಷರ ತಪ್ಪು ಹಿಡಿಯುವುದಕ್ಕೆ ನನ್ನ ಓಟು ಅದಕ್ಕೇ. ಹೊಸ ದನಿಗಳು ಮನುಷ್ಯರ ಹಾಗೆ ರಾಗವಾಗಿ ಓದುತ್ತವೆ. ಆ ಇಂಪಿನಲ್ಲಿ ಸಣ್ಣ ತಪ್ಪು ಜಾರಿಹೋಗುತ್ತದೆ. ಕೇಳುವವರೂ ಕತೆ ಕೇಳಲು ಶುರು ಮಾಡಿಬಿಡುತ್ತಾರೆ. ಇ-ಸ್ಪೀಕ್ ಒಂದೊಂದು ಅಕ್ಷರವನ್ನೂ ಒಂದೇ ತೂಕದಲ್ಲಿ ಹೇಳುತ್ತದೆ. 'ಮಾಡಿದ' ಎಂಬುದಕ್ಕೂ 'ಮಾಡಿದ್ದ' ಎಂಬುದಕ್ಕೂ ಇರುವ ವ್ಯತ್ಯಾಸ ಅಲ್ಲಿ ಸುತ್ತಿಗೆಯಲ್ಲಿ ಹೊಡೆದ ಹಾಗೆ ಕೇಳುತ್ತದೆ.

ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶದ ಜೊತೆಯಲ್ಲೂ ಇ-ಸ್ಪೀಕ್ ಬರುತ್ತದೆ. ಎನ್‌ವಿಡಿಎಯನ್ನು 2006ರಲ್ಲಿ ಆಸ್ಟ್ರೇಲಿಯಾದ ಅಂಧ ತರುಣ ಮೈಕೆಲ್ ಕರನ್, ದೃಷ್ಟಿಯಿಲ್ಲದವರಿಗೆ ಉಚಿತವಾಗಿ ಸಿಗಲಿ ಎಂದು ಶುರು ಮಾಡಿದರು. ಆಮೇಲೆ ಅವರಂತೆಯೇ ಅಂಧರಾದ ಜೇಮ್ಸ್ ಟೇ ಜೊತೆಯಾದರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ತಂಡ ಕನ್ನಡ, ತಮಿಳು ಬರಹವನ್ನು ಮಾತಾಗಿಸುವ ಕೆಲಸವನ್ನು ಬಹಳ ವರ್ಷಗಳ ಕಾಲ ಮಾಡಿದೆ. ಕಣ್ಣು ಕಾಣುವ ನಮಗೆ ಇವತ್ತು ಪ್ರೂಫ್ ನೋಡಲು ಒದಗುತ್ತಿರುವ ಈ ಸೌಕರ್ಯ ಬೆಳೆದದ್ದೇ ದೃಷ್ಟಿಯಿಲ್ಲದವರ ಅಗತ್ಯದಿಂದ. ನನಗೆ ಇದನ್ನು ಹೇಳಿಕೊಟ್ಟವರೂ ದೃಷ್ಟಿಯಿಲ್ಲದ ಗೆಳೆಯರೊಬ್ಬರು. ಅವರು ಕೇಳುವ ವೇಗಕ್ಕೆ ನನಗೆ ಒಂದು ಪದವೂ ಸಿಗುವುದಿಲ್ಲ. ಆ ವೇಗದಲ್ಲೇ ಅವರು 'ಇಲ್ಲಿ ಒತ್ತು ಬಿಟ್ಟಿದೆ' ಎನ್ನುತ್ತಾರೆ. ನಿಮಗೆ ಎನ್‌ವಿಡಿಎ ಬೇಕಾಗಿಯೇ ಇಲ್ಲ. ಅದು ನೀವು ಮುಟ್ಟಿದ್ದನ್ನೆಲ್ಲ ಓದುತ್ತಾ ಹೋಗುತ್ತದೆ, ಅಭ್ಯಾಸವಿಲ್ಲದವರಿಗೆ ತಲೆ ಚಿಟ್ಟು ಹಿಡಿಯುತ್ತದೆ.

ಕೇಳುವುದು ಹೇಗೆ ಎನ್ನುವುದು ಮುಖ್ಯ. ಫೋನನ್ನು ಓದಲು ಬಿಟ್ಟು ಸಾರಿಗೆ ಒಗ್ಗರಣೆ ಹಾಕುತ್ತಾ ಕೇಳಿದರೆ ಏನೂ ಸಿಗುವುದಿಲ್ಲ. ನಾನು ಎರಡು ಸಲ ಕೇಳುತ್ತೇನೆ, ಎರಡೂ ಬೇರೆ ಬೇರೆ ಕೆಲಸಕ್ಕೆ.

ಮೊದಲ ಸಲ ಕಣ್ಣಿಗೆ ಕೆಲಸವಿಲ್ಲ. ಬರಹ ಮುಂದಿಟ್ಟುಕೊಳ್ಳುವುದೇ ಬೇಡ. ಇಂಪಾದ ದನಿ, ಮಾತಿನ ವೇಗ, ಶುರುವಿನಿಂದ ಕೊನೆಯವರೆಗೆ ನಿಲ್ಲಿಸದೆ. ಎಲ್ಲಿ ಬೇಜಾರಾಯಿತು, ಎಲ್ಲಿ ದಾರಿ ತಪ್ಪಿತು, ಯಾವ ಮಾತು ಎರಡು ಸಲ ಬಂತು ಎಂದಷ್ಟೇ ಗಮನಿಸಿ. ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ಕೇಳುವವರು ಅದಕ್ಕಾಗಿ ಕಾಯುತ್ತಿರುತ್ತಾರೆ. ಕರ್ತೃ ಹೇಳಿ, ನಡುವೆ ಮೂರು ವಿವರ ತುರುಕಿ, ಆಮೇಲೆ ಕ್ರಿಯಾಪದಕ್ಕೆ ಬಂದರೆ ಅಷ್ಟು ಹೊತ್ತಿಗೆ ಯಾರ ಮಾತು ಎಂಬುದೇ ಮರೆತಿರುತ್ತದೆ. 'ಅಧ್ಯಕ್ಷರು' ಎಂದು ಶುರುವಾದ ವಾಕ್ಯ 'ಹೇಳಿದನು' ಎಂದು ಮುಗಿಯುವುದೂ ಇಂಥ ಉದ್ದದ ವಾಕ್ಯದಲ್ಲೇ. ಕಣ್ಣಾದರೆ ಹಿಂದಕ್ಕೆ ಹೋಗಿ ನೋಡಿಕೊಂಡು ಬರುತ್ತದೆ. ಕಿವಿಗೆ ಹಿಂದಕ್ಕೆ ಹೋಗಲು ಬರುವುದಿಲ್ಲ. ಆದ್ದರಿಂದ ಕಿವಿಗೆ ಎಡವಿದ ವಾಕ್ಯವನ್ನು ನಾನು ಎರಡಾಗಿ ಒಡೆಯುತ್ತೇನೆ, ಬೇರೆ ಯೋಚನೆಯೇ ಮಾಡುವುದಿಲ್ಲ. 'ಮತ್ತು', 'ಕೂಡ', 'ಈ ನಿಟ್ಟಿನಲ್ಲಿ' ಇವು ಎಷ್ಟು ಸಲ ಬಂದಿವೆ ಎಂಬುದೂ ಈ ಸುತ್ತಿನಲ್ಲೇ ತಿಳಿಯುತ್ತದೆ. ಈ ಕೇಳುವಿಕೆಯನ್ನು ಮೆಟ್ರೋದಲ್ಲಿ ಕೂತು ಇಯರ್‌ಫೋನ್ ಹಾಕಿಕೊಂಡೂ ಮಾಡಬಹುದು.

ಎರಡನೆಯದನ್ನು ಮೆಟ್ರೋದಲ್ಲಿ ಮಾಡಲಾಗದು. ಅದಕ್ಕೆ ಮೇಜು, ಪ್ರಿಂಟ್ ತೆಗೆದ ಕಾಗದ, ಪೆನ್ಸಿಲ್, ನಿಶ್ಶಬ್ದ ಬೇಕು. ವೇಗ ಇಳಿಸಿ. ಒರಟು ದನಿ ಹಾಕಿ. ಒಂದು ಸಲಕ್ಕೆ ಒಂದೇ ಪ್ಯಾರಾ. ದನಿ ಹೇಳುವ ಪದದ ಮೇಲೆ ಪೆನ್ಸಿಲ್ ಮೊನೆ ಇರಬೇಕು, ಅದರ ಮುಂದೆಯೂ ಅಲ್ಲ, ಹಿಂದೆಯೂ ಅಲ್ಲ. ನಮ್ಮ ಪದಗಳು ಉದ್ದ. 'ಹೋಗಬೇಕಾಗಿರುವುದರಿಂದ' ಎಂಬಂಥ ಪದದ ಹೊಟ್ಟೆಯಲ್ಲಿ ಒಂದಕ್ಷರ ಬಿಟ್ಟುಹೋದರೆ ಪೆನ್ಸಿಲ್ ಇಲ್ಲದೆ ಸಿಗುವುದಿಲ್ಲ. ತಪ್ಪು ಕೇಳಿದ ತಕ್ಷಣ ನಿಲ್ಲಿಸಿ, ಗೆರೆ ಹಾಕಿ, ಮುಂದೆ ಹೋಗಿ. ಅಲ್ಲೇ ತಿದ್ದಲು ಕೂರಬೇಡಿ, ಲಯ ತಪ್ಪುತ್ತದೆ. ಲೇಖನ ಬಾಯಿಪಾಠ ಆಗುವಷ್ಟು ಓದಿಬಿಟ್ಟಿದ್ದರೆ ಕೊನೆಯ ಪ್ಯಾರಾದಿಂದ ಶುರು ಮಾಡಿ ಹಿಂದಕ್ಕೆ ಬನ್ನಿ. ಕತೆಯ ಎಳೆ ಕಡಿದರೆ ಅಕ್ಷರ ಕಾಣಲು ಶುರುವಾಗುತ್ತದೆ. ಸಾವಿರ ಪದದ ಲೇಖನಕ್ಕೆ ನನಗೆ ಹೀಗೆ ಅರ್ಧ ಗಂಟೆ ಹಿಡಿಯುತ್ತದೆ.

ತಿದ್ದಿದ ಮೇಲೆ ಆ ವಾಕ್ಯವನ್ನು ಇನ್ನೊಂದು ಸಲ ಓದಿಸಿ. ಇದನ್ನು ದಯವಿಟ್ಟು ಬಿಡಬೇಡಿ. ಮೊಳೆ ಜೋಡಿಸುವ ಕಾಲದಲ್ಲೂ ಒಂದು ಸಾಲು ತಿದ್ದಲು ಹೋಗಿ ಪಕ್ಕದ ಮೊಳೆ ಬೀಳುತ್ತಿತ್ತು. ಈಗಲೂ ಒಂದು ಪದ ಬದಲಿಸಿದರೆ ಹಳೆಯ ಪದದ ಬಾಲ ಅಲ್ಲೇ ಉಳಿದಿರುತ್ತದೆ. ಕೊನೆ ಗಳಿಗೆಯ ತಿದ್ದುಪಡಿಯಲ್ಲಿ ಹುಟ್ಟಿದ ತಪ್ಪನ್ನು ಯಾರೂ ನೋಡಿರುವುದಿಲ್ಲ.

ನೀವು ನುಡಿ ಕೀಲಿಮಣೆ ಬಳಸುವವರಾದ್ದರಿಂದ ನಿಮ್ಮ ತಪ್ಪುಗಳ ಬೇರು ಎಲ್ಲಿದೆ ಎಂದೂ ಹೇಳಬಲ್ಲೆ. ಕೆ.ಪಿ. ರಾವ್ ಅವರು ರೂಪಿಸಿದ ಈ ವಿನ್ಯಾಸದಲ್ಲಿ ಅ ಮತ್ತು ಆ ಒಂದೇ ಕೀಲಿ. ಶಿಫ್ಟ್ ಒತ್ತಿದರೆ ದೀರ್ಘ. ಲ ಮತ್ತು ಳ ಒಂದೇ ಕೀಲಿ. ನ, ಣ ಹಾಗೇ. ದ, ಧ ಕೂಡ ಹಾಗೇ. ಬಹಳ ಬುದ್ಧಿವಂತಿಕೆಯ ವಿನ್ಯಾಸ ಅದು, ಒಂದೇ ದಿನದಲ್ಲಿ ಕಲಿಯಬಹುದು. ಆದರೆ ಕಿರುಬೆರಳು ಶಿಫ್ಟ್ ಮೇಲೆ ಸರಿಯಾಗಿ ಕೂರದಿದ್ದರೆ 'ಆಳು' ಹೋಗಿ 'ಅಳು' ಆಗುತ್ತದೆ, 'ಬಳಿ' ಹೋಗಿ 'ಬಲಿ' ಆಗುತ್ತದೆ. ನಿಮ್ಮ ನಾಲ್ಕು ತಪ್ಪಿನಲ್ಲಿ ಎರಡು ಇದೇ. ಯಾವ ಜೋಡಿಯಲ್ಲಿ ನಿಮ್ಮ ಬೆರಳು ಜಾಸ್ತಿ ತಪ್ಪುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕಿವಿ ಅಲ್ಲಿ ಎಚ್ಚರವಾಗಿರುತ್ತದೆ.

ಕಿವಿಗೆ ಸಿಗದ ತಪ್ಪುಗಳೂ ಇವೆ, ಅವನ್ನೂ ಹೇಳಿಬಿಡುತ್ತೇನೆ. ಹ್ರಸ್ವ ದೀರ್ಘ, ಒತ್ತು, ಲ ಮತ್ತು ಳ, ಬಿಟ್ಟುಹೋದ ಪದ, ಎರಡು ಸಲ ಬಂದ ಪದ, ಇವಕ್ಕೆಲ್ಲ ಕಿವಿ ಬಲವಾಗಿದೆ. ಶ ಮತ್ತು ಷ ವಿಷಯದಲ್ಲಿ ಹಾಗಲ್ಲ, ಎರಡೂ ಒಂದೇ ಥರ ಕೇಳುತ್ತವೆ. 'ಕೃಷ್ಣ' ಎಂದು ಬರೆದರೂ 'ಕ್ರಿಷ್ಣ' ಎಂದು ಬರೆದರೂ ನಿಮಗೆ ಹೆಚ್ಚು ವ್ಯತ್ಯಾಸ ಕೇಳಿಸದು. ದನ ಮತ್ತು ಧನ ಕೆಲವು ದನಿಯಲ್ಲಿ ಸ್ಪಷ್ಟ, ಕೆಲವು ದನಿಯಲ್ಲಿ ಇಲ್ಲ. ಉದ್ಧರಣೆ ಚಿಹ್ನೆ ಮುಚ್ಚಿದ್ದೀರೋ ಇಲ್ಲವೋ ದನಿ ಹೇಳುವುದಿಲ್ಲ. 'ಬಂದು ಬಿಟ್ಟ' ಎಂದು ಬಿಡಿಸಿ ಬರೆದದ್ದೂ 'ಬಂದುಬಿಟ್ಟ' ಎಂದು ಕೂಡಿಸಿ ಬರೆದದ್ದೂ ಅದಕ್ಕೆ ಹೆಚ್ಚುಕಡಿಮೆ ಒಂದೇ. ಇವಕ್ಕೆಲ್ಲ ಕಣ್ಣೇ ಬೇಕು. ಕಿವಿಯ ಸುತ್ತು ಮುಗಿದ ಮೇಲೆ ಇವನ್ನಷ್ಟೇ ಹುಡುಕುತ್ತಾ ಒಂದು ಸಲ ಕಣ್ಣಾಡಿಸಿ. ಸ್ಮರಣ ಸಂಚಿಕೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಪದ ಇದ್ದರೆ ಕೆಲವು ದನಿಗಳು ಅದನ್ನು ಹಾರಿಸಿಬಿಡುತ್ತವೆ, ಅದೂ ಗಮನದಲ್ಲಿರಲಿ.

ತಪ್ಪು ದನಿಯದ್ದೇ ಆಗಿರುವುದೂ ಉಂಟು. 'ಡಾ.' ಎಂಬಲ್ಲಿ ಚುಕ್ಕಿ ನೋಡಿ ವಾಕ್ಯ ಮುಗಿಯಿತು ಎಂದು ನಿಲ್ಲುತ್ತದೆ. 'ಫ' ಅಕ್ಷರವನ್ನು ಕಾಫಿಯಲ್ಲಿ ಒಂದು ಥರ, ಫಲದಲ್ಲಿ ಇನ್ನೊಂದು ಥರ ಓದಬೇಕೆಂದು ಎಲ್ಲ ದನಿಗೂ ತಿಳಿಯದು. ನೀವು ಬರೆದದ್ದು ಸರಿಯಿದ್ದರೆ ದನಿಗೆ ಹೊಂದಲಿ ಅಂತ ಬರಹವನ್ನು 'ತಿದ್ದ'ಲು ಹೋಗಬೇಡಿ. ಹೊಸದಾಗಿ ಶುರು ಮಾಡಿದವರು ಈ ತಪ್ಪು ಮಾಡುವುದನ್ನು ನೋಡಿದ್ದೇನೆ. ಅನುಮಾನ ಬಂದರೆ ನಿಘಂಟು ನೋಡಿ.

ಕೊನೆಯದಾಗಿ, ನಿಮ್ಮ ಸಂಚಿಕೆಯಲ್ಲಿ ದಾನಿಗಳ ಪಟ್ಟಿ, ಪದಾಧಿಕಾರಿಗಳ ಪಟ್ಟಿ ಇದ್ದೇ ಇರುತ್ತದೆ. ಅದನ್ನು ಫೋನಿಗೆ ಕೊಡಬೇಡಿ. ಹೆಸರು ಸರಿಯೋ ತಪ್ಪೋ ಎಂದು ದನಿ ಕೇಳಿ ತಿಳಿಯಲಾಗದು. ವೆಂಕಟೇಶ ಸರಿಯೋ ವೆಂಕಟೇಶ್ ಸರಿಯೋ ಎಂಬುದು ಆ ಮನುಷ್ಯರಿಗೆ, ಇಲ್ಲವೇ ಸಂಘದ ರಸೀದಿ ಪುಸ್ತಕಕ್ಕೆ ಗೊತ್ತು. ಜನ ಸಂಚಿಕೆ ಕೈಗೆ ಬಂದ ತಕ್ಷಣ ಮೊದಲು ಹುಡುಕುವುದು ತಮ್ಮ ಹೆಸರನ್ನೇ. ಒಂದು ಸಂಜೆ ಸಂಘದ ಖಜಾಂಚಿಯನ್ನು ಮನೆಗೆ ಕರೆಯಿರಿ. ಒಂದೊಂದು ಲೋಟ ಕಾಫಿ ಇಟ್ಟುಕೊಂಡು ಎದುರುಬದುರು ಕೂರಿ. ಅವರು ರಸೀದಿ ಪುಸ್ತಕ ನೋಡಿ ಬಾಯಿಬಿಟ್ಟು ಓದಲಿ, ನೀವು ಪ್ರೂಫ್ ಮೇಲೆ ಪೆನ್ಸಿಲ್ ಇಟ್ಟು ಜೊತೆಗೆ ಸಾಗಿ. ಇನಿಷಿಯಲ್ಲನ್ನೂ, ಅದರ ಪಕ್ಕದ ಚುಕ್ಕಿಯನ್ನೂ ಅವರು ಹೇಳಲೇಬೇಕು.